ಬೆಲ್ಟ್ ಗ್ರೈಂಡರಿನ ಕೆಳಗೆ ಚೀಲ ಕಟ್ಟಿದವರ ಬಗ್ಗೆ ಹೇಳಿಕೆ

ಹೆಸರು: ಗುರುತಿನ ಚೀಟಿಯಲ್ಲಿ ಇರುವಂತೆ, ಬೀದಿಯವರೆಲ್ಲ ಕರೆಯುವುದು ಟೈಲರಮ್ಮ ಎಂದು. ವಯಸ್ಸು: ಅರವತ್ತೇಳು ವರ್ಷ. ವಿದ್ಯಾಭ್ಯಾಸ: ಹೈಸ್ಕೂಲು. ಉದ್ಯೋಗ: ಮೂವತ್ತೊಂದು ವರ್ಷದಿಂದ ಶಾಲಾ ಸಮವಸ್ತ್ರ ಹೊಲಿಯುವುದು, ಈಗಲೂ ಬಿಟ್ಟಿಲ್ಲ. ವಾಸ: ಹಾಸಿಗೆ ಅಂಗಡಿಯ ಎಡಪಕ್ಕದ ಹಸಿರು ಗೇಟಿನ ಮನೆ.

ನಾನು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಸೋಮವಾರ ಸಂಜೆ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಹತ್ತಿಕೊಂಡ ಬೆಂಕಿಯ ವಿಚಾರವಾಗಿ ನನ್ನ ಸೊಸೆ ಇದೇ ಠಾಣೆಯಲ್ಲಿ ಹೇಳಿಕೆ ಕೊಟ್ಟಿರುತ್ತಾಳೆ. ಅದರಲ್ಲಿ ಒಂದು ಮಾತು ಸುಳ್ಳು. ಆ ಒಂದು ಮಾತನ್ನು ಸರಿಪಡಿಸಲು ಯಾರ ಬಲವಂತವೂ ಇಲ್ಲದೆ ಬಂದಿದ್ದೇನೆ. ಬರೆದುಕೊಳ್ಳುವ ಪೇದೆಯವರು ಪ್ರತಿ ಅಂಕಿಯ ಹಿಂದೆ ಸುಮಾರು ಎಂದು ಸೇರಿಸುತ್ತಿದ್ದರು. ಸೇರಿಸಬಾರದೆಂದು ಹೇಳಿದ್ದೇನೆ. ಇಲ್ಲಿರುವ ಅಳತೆಗಳು ಟೇಪು ಹಿಡಿದು ತೆಗೆದವು.

ನಮ್ಮ ಮನೆಯಲ್ಲಿ ನಾನು, ಮಗ, ಸೊಸೆ ಮೂವರಿದ್ದೇವೆ. ಮಗ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಾನೆ. ಸೊಸೆ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ ಕೆಲಸ ಮಾಡುತ್ತಾಳೆ. ಅವಳು ನಮ್ಮ ಮನೆಗೆ ಬಂದು ಆರು ವರ್ಷವಾಯಿತು. ಈ ಆರು ವರ್ಷದಲ್ಲಿ ಅವಳು ನನಗೆ ಎದುರು ಮಾತಾಡಿದ್ದಿಲ್ಲ. ನಾನು ಅವಳನ್ನು ಹೊಗಳಿದ್ದೂ ಇಲ್ಲ. ಅದರಿಂದ ಇಬ್ಬರಿಗೂ ತೊಂದರೆಯಾಗಿರಲಿಲ್ಲ.

ನಾಲ್ಕು ತಿಂಗಳ ಹಿಂದೆ, ಬಟ್ಟೆ ಕತ್ತರಿಸುವ ನನ್ನ ಹತ್ತು ಇಂಚಿನ ಕತ್ತರಿಯನ್ನು ಸಾಣೆ ಹಿಡಿಯುವವನೊಬ್ಬ ಕೆಡಿಸಿ ಕೊಟ್ಟ. ಅಲಗಿನ ಅಂಚು ನೀಲಿಯಾಗಿತ್ತು. ಸೊಸೆ ಅದನ್ನು ಲ್ಯಾಬಿನ ಭೂತಗನ್ನಡಿಯಲ್ಲಿ ನೋಡಿ, ಉಕ್ಕು ಅತಿಯಾಗಿ ಕಾದರೆ ಹೀಗಾಗುತ್ತೆ ಅತ್ತೆ, ಹದ ಸತ್ತುಹೋಗಿದೆ, ಸತ್ತಷ್ಟನ್ನು ಉಜ್ಜಿ ತೆಗೀಬೇಕು ಎಂದಳು. ಹಲ್ಲು ಮಾಡೋರಿಗೆ ಕತ್ತರಿ ವಿಷಯ ಏನಮ್ಮಾ ಗೊತ್ತು ಎಂದು ಕೇಳಿದೆ. ಹಲ್ಲೂ ಕತ್ತರಿಸೋಕೇ ಅಲ್ವಾ ಅತ್ತೆ ಎಂದಳು. ಒಂಬತ್ತು ದಿನ ಕಲ್ಲಿನ ಮೇಲೆ ಕೈಯಲ್ಲೇ ಉಜ್ಜಿದಳು. ಹತ್ತನೇ ದಿನ ಆ ಕತ್ತರಿ ಸಮವಸ್ತ್ರದ ದಪ್ಪ ಬಟ್ಟೆಯ ಎಂಟು ಮಡಿಕೆಗಳನ್ನು ಒಂದೇ ಸಲಕ್ಕೆ ಕತ್ತರಿಸಿತು. ಹೊಸದಾಗಿದ್ದಾಗ ಏಳು ಕತ್ತರಿಸುತ್ತಿತ್ತು. ಒಂಬತ್ತನೆಯದು ಯಾಕೆ ಹೋಗಲಿಲ್ಲ ಎಂದು ನಾನು ಕೇಳಿದೆ. ಇದನ್ನು ಯಾಕೆ ಬರೆಸುತ್ತಿದ್ದೇನೆಂದರೆ, ಈ ಕೆಲಸ ಅವಳಿಗೆ ಹುಚ್ಚಿನಿಂದ ಹತ್ತಿದ್ದಲ್ಲ, ನನ್ನ ಕತ್ತರಿಯಿಂದ ಹತ್ತಿದ್ದು.

ಆಮೇಲೆ ಅವಳು ಅಡಿಗೆಮನೆಯ ಚಾಕು ಮಾಡುವುದನ್ನು ಕಲಿಯಬೇಕು, ಅದಕ್ಕೆ ಬೆಲ್ಟ್ ಗ್ರೈಂಡರ್ ಎಂಬ ಯಂತ್ರ ಬೇಕು ಎಂದಳು. ಮೋಟಾರಿನಿಂದ ಚಕ್ರಗಳು ತಿರುಗುತ್ತವೆ, ಚಕ್ರಗಳ ಮೇಲೆ ಮರಳು ಕಾಗದದಂಥ ಗಟ್ಟಿ ಪಟ್ಟಿ ಓಡುತ್ತದೆ, ಓಡುವ ಪಟ್ಟಿಗೆ ಉಕ್ಕನ್ನು ಒತ್ತಿ ಅಲಗು ಮಾಡುವುದು. ಮಗ ಊಟ ಮಾಡುತ್ತ, ಮನೇಲಿ ಎರಡು ಮೊನಚು ನಾಲಿಗೆ ಇರೋದು ಸಾಲದಾ, ಚಾಕು ಬೇರೆ ಬೇಕಾ ಎಂದ. ಸೊಸೆ ತಟ್ಟೆ ನೋಡಿಕೊಂಡು ನಕ್ಕಳು. ಯಂತ್ರ ತರಿಸು ಎಂದು ನಾನು ಹೇಳಿದೆ. ಆದ್ದರಿಂದ ಯಂತ್ರ ಮನೆಗೆ ಬಂದದ್ದು ನನ್ನ ಮಾತಿನಿಂದ ಎಂದೂ ದಾಖಲಿಸಬೇಕು.

ಕಳೆದ ತಿಂಗಳ ಹನ್ನೊಂದನೇ ತಾರೀಕು ಬೆಳಿಗ್ಗೆ ಹತ್ತೂವರೆಗೆ ಯಂತ್ರ ಎರಡು ಪೆಟ್ಟಿಗೆಗಳಲ್ಲಿ ಬಂತು. ಶೆಡ್ಡು ಹನ್ನೊಂದು ಅಡಿ ಉದ್ದ, ಏಳು ಅಡಿ ಅಗಲ. ಬಲಗೋಡೆ ಹಾಸಿಗೆ ಅಂಗಡಿಯ ಗೋದಾಮಿಗೂ ಸೇರಿದ್ದು. ಮೋಟಾರಿಗೆ ವಯರು ಕೊಡಲು ಬೀದಿಯ ಕೊನೆಯ ಮೋಟಾರು ರಿಪೇರಿಯವನನ್ನು ಕರೆಸಿದೆ. ನಾನು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಟೈಲರಮ್ಮ, ಇದು ಹೊಲಿಯೋ ಮಿಷನ್ ಅಲ್ಲ, ನೀವು ಒಳಗೆ ಹೋಗಿ ಎಂದು ಅವನು ಹೇಳಿದ. ಹೊಲಿಯೋ ಮಿಷನ್ ಆಗಿದ್ದಿದ್ರೆ ನಿನ್ನ ಯಾಕಪ್ಪಾ ಕರೀತಿದ್ದೆ ಎಂದೆ.

ಯಂತ್ರ ಕೂರಿಸಿದ ಮೇಜಿನ ನಾಲ್ಕು ಕಾಲಿಗೂ ನೆಲಕ್ಕೂ ಅವನು ಬೋಲ್ಟು ಹಾಕಿದ. ಪಟ್ಟಿ ಹಾಕಿ ಸ್ವಿಚ್ ಒತ್ತಿದಾಗ ಅದು ಕೆಳಗಿನಿಂದ ಮೇಲಕ್ಕೆ ಓಡಿತು. ನಾನು ತಕ್ಷಣ ನಿಲ್ಲಿಸಲು ಹೇಳಿದೆ. ಪಟ್ಟಿಯ ಒಳಮೈಯಲ್ಲಿ ಬಾಣದ ಗುರುತಿತ್ತು, ಅದು ಕೆಳಮುಖವಾಗಿತ್ತು. ಚಕ್ರ ಹಿಂದಕ್ಕೆ ತಿರುಗಿದರೆ ನೂಲು ಸಿಕ್ಕಾಗುತ್ತದೆ ಎಂಬುದು ಮಿಷನ್ ತುಳಿದವರಿಗೆಲ್ಲ ಗೊತ್ತು. ಇಲ್ಲಿ ಹಾಗೇ ಬಿಟ್ಟಿದ್ದರೆ ಕಿಡಿ ಮುಖಕ್ಕೆ ಬರುತ್ತಿತ್ತು. ರಿಪೇರಿಯವನು ಎರಡು ವಯರು ಅದಲುಬದಲು ಮಾಡಿದ. ಆಮೇಲೆ ಪಟ್ಟಿ ಸರಿಯಾದ ದಿಕ್ಕಿನಲ್ಲಿ ಓಡಿತು, ಆದರೆ ಎಡಕ್ಕೆ ಸರಿದು ಸರಿದು ಮೂರು ಸಲ ಕಳಚಿ ಬಿತ್ತು. ರಿಪೇರಿಯವನು ಯಂತ್ರವೇ ಡೊಂಕು, ವಾಪಸು ಕಳಿಸಿ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಹೇಳಿದ್ದಕ್ಕೆ ಅವನು ಚಹಾ ಕುಡಿಯದೆ ಹೋದ.

ನಂತರ ನಾನೂ ಲ್ಯಾಬಿನಿಂದ ಬಂದ ಸೊಸೆಯೂ ಸೇರಿ ನಲವತ್ತನೇ ನಂಬರಿನ ಬಿಳಿ ನೂಲನ್ನು ಮೇಲಿನ ಚಕ್ರದಿಂದ ಕೆಳಗಿನ ಚಕ್ರಕ್ಕೆ ಬಿಗಿಯಾಗಿ ಹಿಡಿದು ನೋಡಿದೆವು. ಎರಡು ಚಕ್ರದ ನಾಲ್ಕು ಅಂಚುಗಳನ್ನೂ ನೂಲು ಮುಟ್ಟಬೇಕು. ಮೂರನ್ನು ಮುಟ್ಟಿತು, ನಾಲ್ಕನೆಯದರಲ್ಲಿ ಬೆಂಕಿಕಡ್ಡಿಯಷ್ಟು ಸಂದು ಇತ್ತು. ಸೊಸೆ ಒಂದು ವಾಷರು ಸೇರಿಸಿದಳು. ನಾನು ಮೇಲಿನ ಚಕ್ರದ ತಿರುಪನ್ನು ಕಾಲು ಸುತ್ತು ತಿರುಗಿಸಿದೆ. ಮೊದಲು ಕೈಯಲ್ಲಿ ಪಟ್ಟಿ ಓಡಿಸಿ ನೋಡಿ, ಆಮೇಲೆ ಸ್ವಿಚ್ ಒತ್ತಿದೆವು. ಮಧ್ಯಾಹ್ನ ಮೂರು ಹತ್ತಕ್ಕೆ ಪಟ್ಟಿ ಚಕ್ರದ ನಡುವೆ ನಿಂತು ಓಡಿತು. ಈ ತನಕ ಒಮ್ಮೆಯೂ ಕಳಚಿಲ್ಲ. ಯಂತ್ರ ಈಗ ನಿಮ್ಮ ಪಡಸಾಲೆಯಲ್ಲಿ ಸೀಲು ಹಾಕಿಸಿಕೊಂಡು ನಿಂತಿದೆ. ಬೇಕಾದವರು ನೂಲು ಹಿಡಿದು ನೋಡಬಹುದು.

ಅಂದೇ ಸಂಜೆ ಸೊಸೆ ಯಂತ್ರದ ನಿಯಮಗಳನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಕಣ್ಣಿಗೆ ಕನ್ನಡಕ, ಮೂಗಿಗೆ ಮುಖವಾಡ. ಕೂದಲು ಕಟ್ಟಿರಬೇಕು. ಕೈಗವಸು ಹಾಕಬಾರದು, ಪಟ್ಟಿ ಎಳೆದುಕೊಳ್ಳುತ್ತದೆ. ಉಕ್ಕು ಬೆರಳಿಗೆ ಬಿಸಿ ಎನಿಸಿದ ಕೂಡಲೇ ನೀರಿಗೆ ಅದ್ದಬೇಕು. ಪಟ್ಟಿಯ ಕೆಳಗೆ ನೀರು ತುಂಬಿದ ಕಬ್ಬಿಣದ ಬಕೆಟ್ ಇರಬೇಕು, ಕಿಡಿಗಳೆಲ್ಲ ಅದರಲ್ಲಿ ಬೀಳಬೇಕು. ಈ ಕೊನೆಯ ನಿಯಮವನ್ನು ಸಾಹೇಬರು ನೆನಪಿಟ್ಟುಕೊಳ್ಳಬೇಕು. ಕಾಗದ ಅರ್ಧ ಸುಟ್ಟಿದೆ, ಆ ಸಾಲು ಸುಟ್ಟಿಲ್ಲ. ಜೊತೆಗೆ ತಂದಿದ್ದೇನೆ.

ಮೊದಲ ಮೂರು ಅಲಗುಗಳು ಹಾಳಾದವು. ಒಂದು ನೀಲಿಯಾಯಿತು, ಒಂದು ನಡುವೆ ಸವೆದು ಬಾಳೆಕಾಯಿಯಂತೆ ಬಾಗಿತು, ಮೂರನೆಯದರ ತುದಿ ಹಾರಿ ಹೋಯಿತು. ಅವಳು ಮೂರನ್ನೂ ಗುಜರಿ ಡಬ್ಬಕ್ಕೆ ಹಾಕಿದ್ದಳು. ನಾನು ತೆಗೆದು ಒರೆಸಿ ನನ್ನ ಗುಂಡಿ ಡಬ್ಬಿಯಲ್ಲಿ ಇಟ್ಟೆ. ನಿನ್ನೆಯ ಜಪ್ತಿ ಪಟ್ಟಿಯಲ್ಲಿ ಇವುಗಳನ್ನು ಡಬ್ಬಿಯಲ್ಲಿ ಬಚ್ಚಿಟ್ಟಿದ್ದ ಮೂರು ಆಯುಧ ಎಂದು ಬರೆಯಲಾಗಿದೆ. ಬಚ್ಚಿಟ್ಟಿರಲಿಲ್ಲ. ಎತ್ತಿಟ್ಟಿದ್ದೆ. ನಾನು ಮೊದಲು ಹೊಲಿದ, ಒಂದು ತೋಳು ಗಿಡ್ಡವಾದ ಅಂಗಿಯನ್ನೂ ಹೀಗೇ ಎತ್ತಿಟ್ಟಿದ್ದೇನೆ.

ನಾಲ್ಕನೇ ಅಲಗು ಚಾಕುವಾಯಿತು. ಆರು ಇಂಚು ಅಲಗು, ನಾಲ್ಕೂವರೆ ಇಂಚು ಹಿಡಿ. ಉಕ್ಕನ್ನು ಕಾಯಿಸಿ ಹದ ಮಾಡಿಸಿದ್ದು ಕಮ್ಮಾರರ ಕುಲುಮೆಯಲ್ಲಿ, ಉಳಿದದ್ದೆಲ್ಲ ಅವಳ ಕೈಕೆಲಸ. ಹಿಡಿಗೆ ಮರ ಹುಡುಕುತ್ತಿದ್ದಳು. ನನ್ನ ಹಳೆಯ ಕಾಲ್ಮಿಷನ್ನಿನ ಡ್ರಾಯರಿನ ಹಲಗೆ ಬಿಚ್ಚಿ ಕೊಟ್ಟೆ. ಮೂವತ್ತೊಂದು ವರ್ಷದ ಎಣ್ಣೆ ಕುಡಿದ ಮರ ಅದು. ಇದು ಬೇಡ ಅತ್ತೆ ಎಂದಳು. ಡ್ರಾಯರು ಇಲ್ಲದಿದ್ರೆ ಮಿಷನ್ ಹೊಲಿಯಲ್ವಾ ಎಂದೆ. ಆ ಚಾಕುವನ್ನು ಅವಳ ಲ್ಯಾಬಿನ ಎದುರಿನ ಕ್ಯಾಂಟೀನಿನ ಅಡಿಗೆಯವರು ಕೈಯಲ್ಲಿ ಹಿಡಿದು ಒಂದು ಟೊಮೆಟೊ ಹೆಚ್ಚಿದರು. ಅಂಥವೇ ಐದು ಬೇಕು, ಬರುವ ಶನಿವಾರದೊಳಗೆ ಬೇಕು ಎಂದರು. ಅವಳಿಗೆ ಬಂದ ಮೊದಲ ಆರ್ಡರು ಇದು.

ಮೊನ್ನೆ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಸೊಸೆ ಹಿಡಿಯ ಅಳತೆ ಕೇಳಲು ಕ್ಯಾಂಟೀನಿಗೆ ಹೋಗಿದ್ದಳು. ನಾನು ಶೆಡ್ಡು ಗುಡಿಸಲು ಹೋದೆ. ಬಕೆಟ್ಟಿನ ಸುತ್ತ ನೆಲವೆಲ್ಲ ಕಪ್ಪು ರಾಡಿಯಾಗಿತ್ತು. ನಮ್ಮ ಮನೆಯಲ್ಲಿ ನೆಲ ಹಾಗಿರುವುದು ನನಗೆ ಆಗುವುದಿಲ್ಲ. ಬಕೆಟ್ ತೆಗೆದು ಮೂರಡಿ ಆಚೆ ಇಟ್ಟೆ. ಒಳಗೆ ಬಂದು ಬಿಗಿ ನೇಯ್ಗೆಯ ಹತ್ತಿ ಬಟ್ಟೆಯಲ್ಲಿ ಇಪ್ಪತ್ತು ಇಂಚು ಉದ್ದದ ಒಂದು ಚೀಲ ಹೊಲಿದೆ. ಬಾಯಿಗೆ ತಂತಿ ಹಾಕಿ, ಅಂಚಿಗೆ ಎರಡು ಸಾಲು ಹೊಲಿಗೆ ಕೊಟ್ಟು, ಹನ್ನೊಂದು ನಲವತ್ತಕ್ಕೆ ಪಟ್ಟಿಯ ಕೆಳಗೆ ಕಟ್ಟಿದೆ. ಕಟ್ಟಿದವಳು ನಾನು. ಸಹಾಯಕ್ಕೆ ಯಾರೂ ಇರಲಿಲ್ಲ. ಯಾರನ್ನೂ ಕೇಳಲಿಲ್ಲ.

ಹನ್ನೆರಡು ಕಾಲಿಗೆ ಸೊಸೆ ಬಂದು ನೋಡಿದಳು. ಅತ್ತೆ, ಬಟ್ಟೆ ಮೇಲೆ ಕಿಡಿ ಬೀಳುತ್ತಲ್ಲ ಎಂದಳು. ಮೂವತ್ತೊಂದು ವರ್ಷ ಬಟ್ಟೆ ಹಿಡಿದವಳಿಗೆ ನೀನು ಬಟ್ಟೆ ಪಾಠ ಹೇಳ್ತೀಯಾ, ಕಿಡಿ ಬೀಳೋ ಹೊತ್ತಿಗೆ ಆರಿರುತ್ತೆ ಎಂದೆ. ಅವಳು ಇನ್ನೊಮ್ಮೆ, ಆದ್ರೂ ಅತ್ತೆ ಎಂದಳು. ನಾನು ಅವಳನ್ನು ನೋಡಿದೆ. ಅವಳು ಹಿಡಿಯ ಮರ ಎತ್ತಿಕೊಂಡಳು. ಆರು ವರ್ಷದಲ್ಲಿ ಅವಳು ನನಗೆ ಎರಡು ಸಲ ಒಂದೇ ಮಾತು ಹೇಳಿದ್ದು ಅದೊಂದೇ ಬಾರಿ. ಅವತ್ತು ಮಧ್ಯಾಹ್ನ ಐದು ಹಿಡಿಗಳ ಮರವನ್ನು ಯಂತ್ರದಲ್ಲಿ ಉಜ್ಜಿದಳು. ಮರದ ಹುಡಿಯೆಲ್ಲ ಚೀಲಕ್ಕೆ ಬಿತ್ತು, ನೆಲಕ್ಕೆ ಒಂದು ಚಿಟಿಕೆಯೂ ಬೀಳಲಿಲ್ಲ. ನೋಡು ಎಂದು ನಾನು ಹೇಳಿದೆ.

ನಿನ್ನೆ ಸೋಮವಾರ ಅವಳು ಲ್ಯಾಬಿನಿಂದ ಬಂದು, ಎರಡೂವರೆಗೆ ಉಕ್ಕಿನ ಕೆಲಸ ಶುರು ಮಾಡಿದಳು. ಯಂತ್ರಕ್ಕೆ ನೂರಿಪ್ಪತ್ತನೇ ನಂಬರಿನ ಪಟ್ಟಿ ಹಾಕಿದ್ದಳು. ಚೀಲ ಬಿಚ್ಚಲು ಅವಳು ಕೈ ಹಾಕಿದ್ದನ್ನು ನಾನು ಕಿಟಕಿಯಿಂದ ಕಂಡೆ. ನಾನು ಕೆಮ್ಮಿದೆ. ಅವಳು ಕೈ ತೆಗೆದಳು. ನಾಲ್ಕು ಇಪ್ಪತ್ತಕ್ಕೆ ನಾನು ಚಹಾಕ್ಕೆ ಕರೆದೆ. ಯಂತ್ರ ನಿಲ್ಲಿಸಿ ಬಂದಳು. ಮರದ ಹುಡಿಯೊಳಗೆ ಹೊಕ್ಕ ಉಕ್ಕಿನ ಕಿಡಿ ಹೊರಗೆ ಕಾಣದಂತೆ ಗಂಟೆಗಟ್ಟಲೆ ಒಳಗೊಳಗೇ ಉರಿಯುತ್ತದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಈಗ ಗೊತ್ತು.

ನಾಲ್ಕು ಐವತ್ತೈದಕ್ಕೆ ಸುಟ್ಟ ವಾಸನೆ ಬಂತು. ನಾನು ಇಸ್ತ್ರಿಪೆಟ್ಟಿಗೆ ಮರೆತೆನೆಂದುಕೊಂಡು ಅದನ್ನು ನೋಡಲು ಹೋದೆ. ಇದರಲ್ಲಿ ಎರಡು ನಿಮಿಷ ಹೋಯಿತು. ಅಷ್ಟರಲ್ಲಿ ಹಾಸಿಗೆ ಅಂಗಡಿಯವರು ಗೋಡೆಯಾಚೆಯಿಂದ ಬೆಂಕಿ ಬೆಂಕಿ ಎಂದು ಕೂಗಿದರು. ಸೊಸೆ ನನಗಿಂತ ಮೊದಲು ಓಡಿದಳು. ಮೊದಲು ಮೇನ್ ಸ್ವಿಚ್ ಇಳಿಸಿದಳು, ಆಮೇಲೆ ನೀರು ಹಾಕಿದಳು. ಕರೆಂಟು ಇರುವಾಗ ನೀರು ಹಾಕಬಾರದೆಂಬುದು ಆ ಹೊತ್ತಿಗೆ ನನಗೆ ನೆನಪಾಗುತ್ತಿರಲಿಲ್ಲ. ನಾಲ್ಕು ನಿಮಿಷದಲ್ಲಿ ಬೆಂಕಿ ಆರಿತು. ಚೀಲ ಪೂರ್ತಿ ಹೋಯಿತು, ಮೇಜಿನ ಒಂದು ಕಾಲು ಕರಿಯಾಯಿತು, ಗೋಡೆ ಇಪ್ಪತ್ತೆರಡು ಇಂಚು ಎತ್ತರಕ್ಕೆ ಮಸಿಯಾಯಿತು. ಯಾರಿಗೂ ಗಾಯವಿಲ್ಲ. ಚೀಲ ಸುಟ್ಟಿತೇ ಹೊರತು ಹೊಲಿಗೆ ಬಿಚ್ಚಿರಲಿಲ್ಲ ಎಂಬುದನ್ನೂ ಬರೆದುಕೊಳ್ಳಬೇಕು.

ಗೋಡೆಯ ಗವಾಕ್ಷಿಯಿಂದ ಹೊಗೆ ಗೋದಾಮಿಗೆ ಹೋಗಿ ಮೂರು ಹಾಸಿಗೆಗಳಿಗೆ ವಾಸನೆ ಹಿಡಿದಿದೆ. ಗವಾಕ್ಷಿಗೂ ಹತ್ತಿಯ ರಾಶಿಗೂ ಹದಿನಾಲ್ಕು ಇಂಚು ಅಂತರ. ನಾನೇ ಅಳೆದೆ. ಅಳೆದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂತೆ. ಹಾಸಿಗೆ ಅಂಗಡಿಯವರು ಹೆದರಿದ್ದು ತಪ್ಪಲ್ಲ. ಆದರೆ ಅವರು ಬೀದಿಯಲ್ಲಿ ನಿಂತು, ಮನೆಯೊಳಗೆ ಕತ್ತಿ ಕಾರ್ಖಾನೆ ಇಟ್ಟಿದ್ದಾರೆ, ನಾಳೆ ನನ್ನ ಕುತ್ತಿಗೆಗೇ ಬರುತ್ತೆ ಎಂದು ಕೂಗಿದ್ದು ತಪ್ಪು. ನಿಮ್ಮ ಕುತ್ತಿಗೆಗೆ ಹಾಕಿ ನಮ್ಮ ಚಾಕು ಯಾಕೆ ಮೊಂಡು ಮಾಡ್ಕೊಳ್ಳಲಿ ಎಂದು ನಾನು ಹೇಳಿದ್ದೂ ತಪ್ಪೇ. ಮೂರು ಹಾಸಿಗೆಗಳಿಗೆ ಹೊಸ ಹೊದಿಕೆ ನಾನೇ ಹೊಲಿದು ಕೊಡುತ್ತೇನೆ.

ಐದು ನಲವತ್ತಕ್ಕೆ ಪೊಲೀಸಿನವರು ಬಂದು ಯಂತ್ರ, ಒಂದು ಚಾಕು, ಅರ್ಧ ಕೆಲಸವಾದ ಐದು ಅಲಗು, ಹಾಳಾದ ಮೂರು ಅಲಗುಗಳನ್ನು ವಶಕ್ಕೆ ತೆಗೆದುಕೊಂಡರು. ಸೊಸೆಯನ್ನೂ ಕರೆದುಕೊಂಡು ಹೋದರು. ಮಗ ವ್ಯಾನು ನಿಲ್ಲಿಸಿ ಠಾಣೆಗೆ ಹೋಗಿ ಏಳು ಗಂಟೆಗೆ ಅವಳನ್ನು ಮನೆಗೆ ಕರೆತಂದ. ಸಾಹೇಬರು ಅವನಿಗೆ, ಯಂತ್ರ ನಡೆಸುವವರ ಅಜಾಗರೂಕತೆಯಿಂದ ಬೆಂಕಿ ಬಿದ್ದಿದ್ದರೆ ಯಂತ್ರವನ್ನು ಅವರ ಕೈಗೆ ಮತ್ತೆ ಕೊಡಲಾಗದು ಎಂದು ಹೇಳಿದರಂತೆ. ಚೀಲ ತಾನೇ ಕಟ್ಟಿದ್ದು ಅಂತ ಅವಳು ಬರೆಸಿಬಿಟ್ಟಳಮ್ಮ ಎಂದು ಮಗ ಹೇಳಿದ.

ನಾನು ಸೊಸೆಯನ್ನು ಎದುರಿಗೆ ಕೂರಿಸಿಕೊಂಡು ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ. ನಾನು ಕಲಿಯೋಳು ಅತ್ತೆ, ನನ್ನ ತಪ್ಪಾದ್ರೆ ಕಲಿಯೋಳ ತಪ್ಪು ಅಂತಾರೆ, ಟೈಲರಮ್ಮ ಹೊಲಿದದ್ದು ಕೆಟ್ಟಿತು ಅಂತ ಈ ಬೀದಿ ಆಡ್ಕೊಳ್ಳೋದು ನನಗೆ ಬೇಡ ಎಂದಳು. ಶನಿವಾರದ ಐದು ಚಾಕು ಏನಾಗಬೇಕು ಎಂದೆ. ಹೋದ್ರೆ ಹೋಗ್ಲಿ ಬಿಡಿ ಎಂದಳು. ಹಾಗೆ ಹೇಳುವಾಗ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. ನಾನು ಊಟ ಮಾಡಲಿಲ್ಲ.

ಈ ದಿನ ಬೆಳಿಗ್ಗೆ ಒಂಬತ್ತೂವರೆಗೆ ಮನೆಯಿಂದ ಹೊರಟು ಹತ್ತು ಗಂಟೆಗೆ ಠಾಣೆ ತಲುಪಿದೆ. ಬೇಡವೆಂದರೂ ಸೊಸೆ ಲ್ಯಾಬಿಗೆ ರಜೆ ಹಾಕಿ ಹಿಂದೆಯೇ ಬಂದಳು. ಹೊರಗಿನ ಬೆಂಚಿನಲ್ಲಿ ಕೂತಿದ್ದಾಳೆ. ಇಲ್ಲಿನ ಮೇಜಿನ ಮೇಲೆ ಆ ಚಾಕುವಿಗೆ ಚೀಟಿ ಕಟ್ಟಿ ಇಟ್ಟಿದ್ದಾರೆ. ಚೀಟಿಯಲ್ಲಿ ಹರಿತವಾದ ಮಾರಕಾಯುಧ ಒಂದು ಎಂದು ಬರೆದಿದೆ. ಹರಿತವಾದ ಎಂಬುದು ನಿಜ. ಉಳಿದದ್ದನ್ನು ಹೊಡೆದುಹಾಕಿ ತರಕಾರಿ ಚಾಕು ಎಂದು ಬರೆಯಬೇಕು. ಅದನ್ನು ಹತ್ತಿರದಿಂದ ನೋಡಿದಾಗ, ಹಿಡಿಯ ಪಕ್ಕ ಅಲಗಿನ ಮೇಲೆ ಏಳು ಸಣ್ಣ ಗೀಟುಗಳು ಸಾಲಾಗಿ ಕೊರೆದಿರುವುದು ಕಂಡಿತು. ಮಾಡಿದವರು ತಮ್ಮ ಗುರುತು ಹಾಕುವ ಜಾಗ ಅದು. ಅವಳ ಹೆಸರಿನ ಅಕ್ಷರ ಅಲ್ಲಿಲ್ಲ. ಆ ಏಳು ಗೀಟು ಹೊಲಿಗೆ. ಎರಡು ಗೀಟಿನ ನಡುವಿನ ಅಂತರ ನಾನು ಕಾಲರಿಗೆ ಹಾಕುವ ಅಂತರವೇ. ಮನೆಯಲ್ಲಿ ಹದಿನೈದು ದಿನ ಇದ್ದ ಚಾಕು ಇದು. ನಾನು ಅದರ ಅಂಚು ನೋಡಿದ್ದೆ, ಗುರುತು ನೋಡಿರಲಿಲ್ಲ.

ಉಪ್ಪು ತಿಂದವರು ನೀರು ಕುಡಿಯಬೇಕು. ಬಕೆಟ್ ತೆಗೆದದ್ದು ನಾನು, ಚೀಲ ಹೊಲಿದದ್ದು ನಾನು, ಬೇಡವೆಂದವಳ ಬಾಯಿ ಮುಚ್ಚಿಸಿದ್ದು ನಾನು. ಯಂತ್ರ ನಡೆಸಿದವಳು ನಿಯಮ ಬರೆದು ಗೋಡೆಗೆ ಹಚ್ಚಿದ್ದಳು. ಅವಳ ಕೈಯಲ್ಲಿ ಅಜಾಗರೂಕತೆ ಇಲ್ಲ. ನನ್ನ ಕತ್ತರಿಯನ್ನು ಬದುಕಿಸಿದ ಕೈ ಅದು. ನಾನು ಕೆಲಸಗಾರರನ್ನು ಬಹಳ ನೋಡಿದ್ದೇನೆ, ಹನ್ನೆರಡು ಜನಕ್ಕೆ ಹೊಲಿಗೆ ಕಲಿಸಿದ್ದೇನೆ. ಅಂಥ ಕೈ ಇನ್ನೊಂದು ನೋಡಿಲ್ಲ. ಆದ್ದರಿಂದ ದಂಡನೆ ಏನಿದ್ದರೂ ನನಗೆ ಕೊಟ್ಟು, ಯಂತ್ರವನ್ನೂ ಐದು ಅಲಗುಗಳನ್ನೂ ಅವಳಿಗೆ ಕೊಡಬೇಕು. ಇನ್ನು ಮುಂದೆ ಕೆಳಗೆ ನೀರಿನ ಬಕೆಟ್ ಇರುತ್ತದೆ, ಮರದ ಹುಡಿ ತೆಗೆಯದೆ ಉಕ್ಕು ಮುಟ್ಟುವುದಿಲ್ಲ, ಗವಾಕ್ಷಿಗೆ ತಗಡು ಹೊಡೆಸುತ್ತೇವೆ. ನೆಲ ರಾಡಿಯಾದರೆ ನಾನು ಒರೆಸುತ್ತೇನೆ.

ಮೇಲಿನ ಮಾತುಗಳಲ್ಲಿ ಕೆಲವನ್ನು ನಾನು ಅವಳೆದುರು ಎಂದೂ ಹೇಳಿಲ್ಲ. ಹೇಳಿಕೆಯನ್ನು ಕೊಟ್ಟವರಿಗೆ ಓದಿ ಹೇಳುವುದು ನಿಯಮ ಎಂದು ಪೇದೆಯವರು ತಿಳಿಸಿದರು. ನನಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಆದರೂ ಬಾಗಿಲು ಪೂರ್ತಿ ತೆರೆದು, ಗಟ್ಟಿಯಾಗಿ ಓದಬೇಕೆಂದು ಕೋರಿದ್ದೇನೆ. ಬಾಗಿಲಿಗೂ ಬೆಂಚಿಗೂ ಹನ್ನೆರಡು ಅಡಿ.

ಓದಿದ ನಂತರ ಸೇರಿಸಿದ್ದು: ಪೇದೆಯವರು ಗಟ್ಟಿಯಾಗಿ ಓದಿ ಮುಗಿಸಿದರು. ಆಮೇಲೆ ಸೊಸೆ ಬಾಗಿಲಿಗೆ ಬಂದು ನಿಂತು, ಅತ್ತೆ, ನೂರಿಪ್ಪತ್ತರ ಪಟ್ಟಿ ಅಲ್ಲ, ಅರವತ್ತರದು. ನಂಬರು ಕಡಿಮೆ ಇದ್ದಷ್ಟೂ ಪಟ್ಟಿ ಒರಟು, ಕಿಡಿ ದಪ್ಪ, ನೂರಿಪ್ಪತ್ತರದು ಅಷ್ಟು ದಪ್ಪ ಕಿಡಿ ಉಗುಳಲ್ಲ, ತಪ್ಪು ಬರೆಸಬೇಡಿ ಎಂದಳು. ಅವಳ ಮೂಗು ಕೆಂಪಾಗಿತ್ತು. ನಾನು ಸ್ವಲ್ಪ ಯೋಚಿಸಿ ನೋಡಿದೆ. ಅವಳು ಹೇಳಿದ್ದೇ ಸರಿ. ಕೆಲಸ ತಿಳಿಯದವರಿಗೆ ಈ ವ್ಯತ್ಯಾಸ ತಿಳಿದಿರುವುದಿಲ್ಲ ಎಂಬುದನ್ನು ಸಾಹೇಬರು ಗಮನಿಸಬೇಕು. ಆರು ವರ್ಷದಲ್ಲಿ ಅವಳು ನನ್ನ ಮಾತನ್ನು ತಿದ್ದಿದ್ದು ಇದೇ ಮೊದಲು. ತಿದ್ದುಪಡಿಯನ್ನು ಒಪ್ಪಿದ್ದೇನೆ.

ಆ ಒಂದು ಅಂಕಿ ಬಿಟ್ಟು ಉಳಿದದ್ದೆಲ್ಲ ನಾನು ಕಂಡದ್ದು, ಮಾಡಿದ್ದು, ಹೇಳಿ ಬರೆಸಿದ್ದು. ಇಬ್ಬರೂ ಕೇಳಿದ್ದೇವೆ, ಸತ್ಯವಾಗಿದೆ.

ಸ್ಥಳ: ಠಾಣೆಯ ಬರವಣಿಗೆ ಕೋಣೆ, ಬಾಗಿಲು ತೆರೆದಿರುವಾಗ
ದಿನಾಂಕ: ಈ ತಿಂಗಳ ಹದಿನೇಳು, ಮಂಗಳವಾರ, ಬೆಳಿಗ್ಗೆ ಹನ್ನೊಂದು ಐವತ್ತು
ಸಹಿ: (ಟೈಲರಮ್ಮ)
ತಿದ್ದುಪಡಿಯ ಪಕ್ಕದಲ್ಲಿ ಸಹಿ: (ಸೊಸೆ)